ಬೆನ್ನಿನ ಸೇತುವೆಯ ಮೇಲಿಂದ

ಆಂದೋಂಗ್
ಬುಧವಾರ, 3 ಮಾರ್ಚ್ 1999

ನನ್ನ ಮುದ್ದಿನ ಅಕ್ಕ,

ನಿನ್ನ ತಂಗಿ ರಾಜಕುಮಾರಿಯಾದಳು ಕಣೇ, ನಿನ್ನೆ ಸಂಜೆ, ಇಡೀ ಊರಿನ ಕಣ್ಣೆದುರು, ತಲೆಯ ಮೇಲೆ ಮಣಿಯ ಕಿರೀಟ ಇಟ್ಟುಕೊಂಡು, ಸಾಲಾಗಿ ಬಗ್ಗಿದ ಹೆಂಗಸರ ಬೆನ್ನಿನ ಮೇಲೆ ನಡೆದಳು. ಇದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತಿತ್ತು. ಈಗ ಕ್ರಮವಾಗಿ ಕೇಳುತ್ತೇನೆ. ನೀನು ಹೇಗಿದ್ದೀ? ಭಾವನ ಕೆಮ್ಮು ಕಡಿಮೆಯಾಯಿತೇ? ಸೊಲ್ ಪುಟ್ಟಿಗೆ ಮುಂದಿನ ಹಲ್ಲು ಬಂತೇ? ನಿನ್ನ ಪತ್ರ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯಲಿಲ್ಲ ಅಂತ ಬೈಯಬೇಡ, ಸಾರಿ ಸಾರಿ. ಹೊಸವರ್ಷದ ಹಬ್ಬ ಬಂತು, ಹಬ್ಬದ ಹಿಂದೆ ನೆಂಟರು ಬಂದರು, ನೆಂಟರ ಹಿಂದೆ ರಾಶಿ ರಾಶಿ ಹಿತ್ತಾಳೆ ಬಟ್ಟಲು ತೊಳೆಯುವುದು ಬಂತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಈ ಮನೆಯ ಫೋನ್ ಇರುವುದು ಮಾವನವರ ಕೋಣೆಯಲ್ಲಿ, ಅವರ ದಿಂಬಿನ ಪಕ್ಕ. ನಾನು ಮಾತಾಡುವಾಗ ಅವರು ಬಹಳ ಸೌಜನ್ಯದಿಂದ ಗೋಡೆ ಕಡೆ ತಿರುಗಿ ಕೂರುತ್ತಾರೆ. ಅಷ್ಟು ಸೌಜನ್ಯದ ಎದುರಿಗೆ ಮನಸ್ಸು ಬಿಚ್ಚಿ ಏನು ಮಾತಾಡಲಿ ಹೇಳು.

ಈಗ ಮನೆಯಲ್ಲಿ ಯಾರೂ ಇಲ್ಲ. ನಿನ್ನೆ ಬಗ್ಗಿದವರೆಲ್ಲ ಸೊಂಟ ಹಿಡಿದುಕೊಂಡು ಬೀದಿ ಕೊನೆಯ ಸ್ನಾನದ ಮನೆಗೆ ಹೋಗಿದ್ದಾರೆ, ಬಿಸಿನೀರಿನಲ್ಲಿ ಮುಳುಗಿ ಕೂರಲು. "ರಾಜಕುಮಾರಿಗೆ ಏನು ಸೊಂಟ ನೋವು, ಅವಳು ಮನೆ ಕಾಯಲಿ," ಅಂದರು ಅತ್ತೆ, ನಗುತ್ತಲೇ. ಅವರು ಬರುವುದರೊಳಗೆ ಇದನ್ನು ಮುಗಿಸಿ ಅಂಚೆಗೆ ಹಾಕಬೇಕು.

ಈ ಭಾಗ್ಯ ನನಗೆ ಬಂದದ್ದು ಹೇಗೆ ಅಂತ ಕೇಳು. ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯ ಈ ಆಟದಲ್ಲಿ ರಾಜಕುಮಾರಿಯಾಗಬೇಕಾದವಳು ಹೈಸ್ಕೂಲಿನ ಒಬ್ಬ ಹುಡುಗಿ. ಶನಿವಾರ ನಾವು ಅಡುಗೆಮನೆಯಲ್ಲಿ ಒಣ ಸೊಪ್ಪು ನೆನೆಹಾಕುತ್ತಿದ್ದಾಗ ನನ್ನ ಗಂಡರಾಯ ಇನ್‌ಗ್ಯುವಿನ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದರು.

"ಆ ಹುಡುಗೀಗೆ ಮಂಗನಬಾವು ಕಣಕ್ಕ. ಕಿರೀಟ ಇಟ್ಟು ನೋಡ್ದೆ, ಕುಂಬಳಕಾಯಿಗೆ ಇಟ್ಟ ಹಾಗಿತ್ತು."

"ನಮ್ಮ ಸಿಯೋಲ್‌ನವಳು ಇದಾಳಲ್ಲ," ಅಂದರು ಅತ್ತೆ.

"ಮದುವೆಯಾದವಳಲ್ವಾ?"

"ಆದ್ರೇನೀಗ? ಹಳೇ ಕಾಲದ ಆ ರಾಜಕುಮಾರಿಗೇನು ಮದುವೆಯಾಗಿ ರಾಣಿ ಆಗಿರ್ಲಿಲ್ವಾ? ಗಂಡನ ಜೊತೇಲಿ ತಾನೆ ಶತ್ರುಗಳಿಗೆ ಹೆದರಿ ಇಲ್ಲಿಗೆ ಓಡಿಬಂದಿದ್ದು, ನಮ್ಮ ಅಜ್ಜಿಯರು ಹೊಳೇಲಿ ಬೆನ್ನು ಕೊಟ್ಟು ದಾಟಿಸಿದ್ದು. ಇವಳನ್ನ ಎತ್ತಿ ನೋಡು, ಒಣಮೀನಿಗಿಂತ ಹಗುರ ಇದಾಳೆ."

ಚಿಕ್ಕಮ್ಮ ನಿಜವಾಗಿಯೂ ನನ್ನನ್ನು ಎತ್ತಿ ನೋಡಿದರು. ಅಪ್ಪನ ಕೆಲಸಕ್ಕೆ ಸಿಂಗಪುರದಲ್ಲಿದ್ದಾಗ ಅಲ್ಲಿನ ಶಾಲೆಯಲ್ಲಿ ಐದು ವರ್ಷವೂ ನಾಟಕದಲ್ಲಿ ಮರವಾಗಿ ನಿಂತವಳು ನಾನು, ನಿನಗೆ ಗೊತ್ತಲ್ಲ. ಕುಣಿದಾಡಿಬಿಟ್ಟೆ. ಸಿಯೋಲ್‌ನವಳು ಅಂದರೆ ನಾನೇ. ಇಲ್ಲಿ ಸೊಸೆಯರನ್ನು ಬಿಟ್ಟುಬಂದ ಊರಿನ ಹೆಸರಿನಿಂದ ಕರೆಯುತ್ತಾರೆ. ಅತ್ತೆ ಈ ಮನೆಗೆ ಬಂದು ಮೂವತ್ತು ವರ್ಷವಾಗಿದೆ, ಇನ್ನೂ ಅವರು ಯೆಚನ್‌ನವಳು.

ಅಕ್ಕ, ನಾನು ಇಲ್ಲಿ ಸಂತೋಷವಾಗಿದ್ದೇನೆ ಅಂತ ಪ್ರತಿ ಪತ್ರದಲ್ಲೂ ಬರೆದದ್ದು ಸುಳ್ಳಲ್ಲ. ಮೇ ತಿಂಗಳಲ್ಲಿ ಮದುವೆ ಮುಗಿಸಿ ಬಂದಾಗ ನಾವು ಇರಬೇಕಾಗಿದ್ದದ್ದು ಬೇಸಗೆಯ ದಾನೋ ಹಬ್ಬದವರೆಗೆ ಮಾತ್ರ. ಹೊಸ ಸೊಸೆ ದೊಡ್ಡ ಮನೆಯ ರೀತಿನೀತಿ ಸ್ವಲ್ಪ ಕಲಿಯಲಿ, ಹೇಗೂ ಕಷ್ಟದ ವರ್ಷ, ಇನ್‌ಗ್ಯುವಿನ ಕಂಪನಿಯವರು ಸಂಬಳವಿಲ್ಲದ ರಜೆ ಕೊಟ್ಟಿದ್ದಾರೆ ಅಂತ. ದಾನೋ ದಿನ ಬಜೆಯಂಥ ಒಂದು ಗಿಡದ ನೀರಿನಲ್ಲಿ ತಲೆ ತೊಳೆಸಿದರು, ದೊಡ್ಡ ಉಯ್ಯಾಲೆಯಲ್ಲಿ ನಿಂತು ತೂಗಿದೆ, ಊರಿನ ಹೆಂಚುಗಳೆಲ್ಲ ಕಂಡವು. ಆಮೇಲೆ ಸುಗ್ಗಿ ಹಬ್ಬ ಚುಸೊಕ್ ಮುಗಿಸಿಕೊಂಡು ಹೋಗಿ ಅಂದರು. ಅದರ ಆಸುಪಾಸಿಗೇ ಮುಖವಾಡದ ಕುಣಿತಗಳ ಉತ್ಸವ ಬಂತು, ಪರದೇಶದವರೂ ಬಂದರು, ಇಂಗ್ಲಿಷ್ ಮಾತಾಡಲು ನಾನೇ ಬೇಕಾದೆ. ತಲೆ ಹಿಂದಕ್ಕೆ ಚೆಲ್ಲಿದರೆ ದವಡೆ ಬಿಟ್ಟುಕೊಂಡು ನಗುವ ಯಜಮಾನನ ಮುಖವಾಡ ನೋಡಿ ಎಷ್ಟು ನಕ್ಕೆ ಗೊತ್ತಾ. ಮದುಮಗಳ ಮುಖವಾಡಕ್ಕೆ ಮಾತ್ರ ದವಡೆ ಅಲ್ಲಾಡುವುದಿಲ್ಲ, ಮರದಲ್ಲೇ ತುಟಿ ಮುಚ್ಚಿ ಕೆತ್ತಿದ್ದಾರೆ. ಆಮೇಲೆ ಹಿರಿಯರ ಗೋರಿಗಳ ಪೂಜೆ, ಆಮೇಲೆ ಚಳಿಗಾಲಕ್ಕೆ ಕಿಮ್ಚಿ ಹಾಕುವುದು, ಆಮೇಲೆ ಕೆಂಪು ಕಾಳಿನ ಗಂಜಿಯ ದಿನ, ಆಮೇಲೆ ಹೊಸವರ್ಷ. ಪ್ರತಿ ಸಲವೂ ಯಾರೋ ಒಬ್ಬರು ನನ್ನ ಕೈ ಹಿಡಿದು "ಇದೊಂದು ಮುಗಿಸಿಕೊಂಡು ಹೋಗಿ" ಅನ್ನುತ್ತಿದ್ದರು. ಗದರಿಸಿ ಹೇಳಿದ್ದರೆ ಜಗಳವಾಡುತ್ತಿದ್ದೆ. ಹುರಿದ ಚೆಸ್ಟ್‌ನಟ್ ಸುಲಿದು ಬಾಯಿಗಿಟ್ಟು ಹೇಳಿದರೆ ಏನು ಮಾಡುವುದು?

ಆದರೆ ಈ ಹುಣ್ಣಿಮೆ ಕೊನೆಯದಾಗಿತ್ತು. ಸಿಯೋಲ್‌ನ ಹುಡುಗಿಯರ ಶಾಲೆಯಲ್ಲಿ ನನ್ನ ಸಂಗೀತದ ಕ್ಲಾಸನ್ನು ಮುಖ್ಯೋಪಾಧ್ಯಾಯಿನಿ ಇನ್ನೂ ಯಾರಿಗೂ ಕೊಟ್ಟಿಲ್ಲ. ಹೊಸ ಶಾಲಾ ವರ್ಷದ ಪಾಠಗಳು ನಿನ್ನೆಯೇ ಶುರುವಾದವು. ಬರುವ ಸೋಮವಾರ ನಾನು ಹೋಗಿ ನಿಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಇನ್‌ಗ್ಯು ಪ್ರಾಮಿಸ್ ಮಾಡಿದ್ದ, ಹುಣ್ಣಿಮೆಯ ಮರುದಿನವೇ ಹೊರಡೋಣ ಅಂತ.

ನಿನ್ನೆ ಬೆಳಗ್ಗೆಯ ತಮಾಷೆ ಕೇಳು. ಅಂಗಳದಿಂದ ಇನ್‌ಗ್ಯು "ಹೇರಿನ್" ಅಂತ ಕೂಗಿದ. ಈ ಅಂಗಳದಲ್ಲಿ ನನ್ನ ಹೆಸರು ಕೇಳಿಸಿದ್ದು ಅದೇ ಮೊದಲು. ಓಡಿಬಂದು "ಏನು?" ಅಂದೆ. "ನನ್ನ ಸೆಕೆ ಕೊಂಡ್ಕೋ," ಅಂದ. ಬಾವಿಕಟ್ಟೆ ಹತ್ತಿರ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ಅಯ್ಯೋ ಪೆದ್ದೇ," ಅಂದರು ಅತ್ತೆ. "ಈ ಹುಣ್ಣಿಮೆ ಬೆಳಗ್ಗೆ ಯಾರು ಕೂಗಿದ್ರೂ ಓಗೊಡಬಾರ್ದು. ಈಗ ನೋಡು, ಈ ಬೇಸಗೇಲಿ ಅವನ ಪಾಲಿನ ಸೆಕೇನೂ ನೀನೇ ಅನುಭವಿಸ್ಬೇಕು."

ಅವನೂ ನಗುತ್ತಿದ್ದ, ಅಕ್ಕ. ನಗುವಾಗ ಅವನ ಒಂದು ಕಣ್ಣು ಚಿಕ್ಕದಾಗುತ್ತದೆ. ಅದಕ್ಕೇ ಅಲ್ಲವೇ ನಾನು ಅವನನ್ನು ಮದುವೆಯಾದದ್ದು.

ಸಂಜೆ ನದಿಯ ದಂಡೆಯಲ್ಲಿ ಸಾಲು ನಿಂತಿತು. ಒಬ್ಬಳ ಸೊಂಟವನ್ನು ಹಿಂದಿನವಳು ತಬ್ಬಿ ತಲೆ ಪಕ್ಕಕ್ಕೆ ಇಟ್ಟು ಬಗ್ಗಬೇಕು. ಬೆನ್ನುಗಳೆಲ್ಲ ಸೇರಿ ನಿಜವಾಗಿಯೂ ಸೇತುವೆಯ ಹಾಗೆ ಕಾಣುತ್ತದೆ. ಒಂದು ಗುಂಪು ಹಾಡಿನಲ್ಲಿ ಪ್ರಶ್ನೆ ಕೇಳುತ್ತದೆ, ಇನ್ನೊಂದು ಗುಂಪು ಉತ್ತರ ಕೊಡುತ್ತದೆ. ನನ್ನ ಎಡಗೈಯನ್ನು ಒಬ್ಬರು, ಬಲಗೈಯನ್ನು ಚಿಕ್ಕಮ್ಮ ಹಿಡಿದು ನೆಲದ ಮೇಲೆ ಜೊತೆಯಲ್ಲೇ ನಡೆದರು. ಹತ್ತಿಯ ಕಾಲುಚೀಲದಲ್ಲಿ ಮೊದಲ ಬೆನ್ನಿನ ಮೇಲೆ ಕಾಲಿಟ್ಟೆ. ಕೆಳಗಿನಿಂದ ಒಂದು ದನಿ, "ಅಲ್ಲೇ, ಅಲ್ಲೇ ನೋವಿರೋದು, ಇನ್ನೊಂದ್ಸಲ ಒತ್ತು," ಅಂದಿತು. ಇನ್ನೊಂದು ದನಿ, "ನಿನ್ನೊಬ್ಬಳಿಗೇ ಡಾಕ್ಟರಾ ಅವಳು, ಮುಂದೆ ಕಳಿಸೇ," ಅಂದಿತು. ಅತ್ತೆಯೂ ಬಗ್ಗಿದ್ದರು. ನಾನು ಹಿಂಜರಿದಾಗ, "ತುಳಿ ಮಗಳೇ, ಬಗ್ಗಿರೋದು ಅದಕ್ಕೇ," ಅಂದರು. ಮೂಡಣ ಗುಡ್ಡದ ಮೇಲೆ ಚಂದ್ರ ಬಂದ. ಅಷ್ಟು ಚೆಂದದ್ದು ನಾನು ಬದುಕಿನಲ್ಲಿ ಕಂಡಿಲ್ಲ.

ಆಗ ಚಿಕ್ಕಮ್ಮ, ನಾನು ಹೆದರದಿರಲಿ ಅಂತಲೋ ಏನೋ, ಮಾತು ತೆಗೆದರು.

"ನಿನ್ನ ಪಿಯಾನೋ ಬಗ್ಗೆ ಚಿಂತೆ ಮಾಡ್ಬೇಡ. ಚಳೀಗೆ ಕೆಡದೇ ಇರ್ಲಿ ಅಂತ ಎರಡು ಹಳೇ ಕೌದಿ ಹೊದಿಸಿದೀನಿ."

"ಯಾವ ಪಿಯಾನೋ, ಚಿಕ್ಕಮ್ಮ?"

"ಎಷ್ಟಿದೆ ನಿಂಗೆ? ನಿಮ್ಮ ಸಿಯೋಲ್ ಮನೆ ಖಾಲಿ ಮಾಡ್ದಾಗ ನಮ್ಮ ದೊಡ್ಡೋನೇ ಅಲ್ವಾ ಲಾರೀಲಿ ತಂದಿದ್ದು, ಚುಸೊಕ್‌ಗೆ ಮುಂಚೆ. ಹಣ್ಣು ಒಣಗಿಸೋ ಕೊಟ್ಟಿಗೇಲಿ ಇಟ್ಟಿದೀವಿ. ಇನ್‌ಗ್ಯು ಹೇಳಿಲ್ವಾ?"

ನಾನು ನಿಂತುಬಿಟ್ಟೆ. ಕಾಲ ಕೆಳಗಿನ ಹೆಂಗಸು, "ನನ್ನ ಮೇಲೇ ಮನೆ ಕಟ್ತೀಯೇನಮ್ಮ, ನಡಿ," ಅಂದಳು. ಇಳಿಯುತ್ತೇನೆ ಅಂದೆ. ಹಾಡಿನ ಸದ್ದಿನಲ್ಲಿ ಚಿಕ್ಕಮ್ಮನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿ, ಹುಡುಗಿ ಹೆದರಿದ್ದಾಳೆ ಅಂತ ಕೈ ಇನ್ನೂ ಬಿಗಿಯಾಗಿ ಹಿಡಿದರು. ಸಾಲಿನ ಕೊನೆ ಬಂದಾಗ ಇಳಿದರಾಯಿತು ಅಂದುಕೊಂಡೆ. ಅಕ್ಕ, ಆ ಸಾಲಿಗೆ ಕೊನೆಯೇ ಇಲ್ಲ. ನಾನು ದಾಟಿದ ಬೆನ್ನಿನವಳು ಎದ್ದು ಮುಂದಕ್ಕೆ ಓಡಿಹೋಗಿ ಮತ್ತೆ ಬಗ್ಗುತ್ತಾಳೆ. ನಾನು ಮುಂದೆ ಹೋದಷ್ಟೂ ಅವರು ನಗುತ್ತಾ, ಒಬ್ಬರನ್ನೊಬ್ಬರು ತಳ್ಳಾಡುತ್ತಾ ಓಡಿ ಬಂದು ಬಗ್ಗುತ್ತಿದ್ದರು, ಎಲ್ಲರೂ ನನಗೋಸ್ಕರ. ಅತ್ತೆಯ ಬೆನ್ನು ಮತ್ತೆ ಮತ್ತೆ ಬಂತು. ನಾನು ಕಿರೀಟ ಬೀಳದ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು ನಗುತ್ತಿದ್ದೆ, ಫೋಟೋದವರು ನಗು ಅನ್ನುತ್ತಿದ್ದರು. ಆ ರಾಣಿ ಹೊಳೆ ದಾಟಿ ಇಲ್ಲಿಗೆ ಬಂದದ್ದನ್ನು ಇವರೆಲ್ಲ ಹಾಡುತ್ತಾರಲ್ಲ, ಗಲಾಟೆ ಮುಗಿದ ಮೇಲೆ ಅವಳು ತಿರುಗಿ ಹೊರಟದ್ದನ್ನು ಯಾಕೆ ಯಾರೂ ಹಾಡುವುದಿಲ್ಲ ಅಂತ ಅಲ್ಲೇ ಮೇಲೆ ಯೋಚಿಸಿದೆ.

ಹಾಡು ಮುಗಿದು ನೆಲಕ್ಕೆ ಇಳಿದ ಮೇಲೆ ಇನ್‌ಗ್ಯುವನ್ನು ಡೋಲುಗಳ ಹಿಂದೆ ಹಿಡಿದೆ. ಕಿರೀಟ ಇನ್ನೂ ತಲೆಯ ಮೇಲೇ ಇತ್ತು.

"ನಾಳೆ ಹೇಳೋಣ ಅಂತಿದ್ದೆ," ಅಂದ.

"ಏನಂತ?"

"ಕಂಪನಿ ಮುಚ್ಚಿಹೋಯ್ತು. ಬೇಸಗೇಲೇ. ಮನೆ ಬಿಡ್ಬೇಕಾಯ್ತು. ಹಬ್ಬದ ದಿನ ಹೇಗೆ ಹೇಳೋದು ಹೇರಿನ್? ಮುಗೀಲಿ ಅಂತ ಕಾಯ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಹಬ್ಬ ಬರ್ತಿತ್ತು. ನೀನು ಅಷ್ಟು ಖುಷಿಯಾಗಿದ್ದೆ."

"ನನ್ನ ಶಾಲೆ?"

"ಇಲ್ಲೂ ಶಾಲೆಗಳಿವೆ. ಇಲ್ಲಿ ಎಲ್ರೂ ನಿನ್ನ ಎಷ್ಟು ಇಷ್ಟಪಡ್ತಾರೆ ನೋಡು."

ಅಷ್ಟರಲ್ಲಿ ಅತ್ತೆ ಸೊಂಟ ನೀವಿಕೊಳ್ಳುತ್ತ ಬಂದು, "ಐದು ಧಾನ್ಯದ ಅನ್ನ ಆರ್ತಿದೆ, ಬನ್ನಿ ಇಬ್ರೂ," ಅಂದರು. ಹೋಗಿ ಊಟ ಮಾಡಿದೆವು. ಅತ್ತೆ ನನ್ನ ಬಟ್ಟಲಿಗೆ ಎರಡನೇ ಸಲವೂ ಬಡಿಸಿದರು.

ಇವತ್ತು ಬೆಳಗ್ಗೆ ಅವರು ತುಂಬ ಮೃದುವಾಗಿ ಹೇಳಿದರು, ಮುಂದಿನ ತಿಂಗಳು ತಣ್ಣನೆಯ ಊಟದ ದಿನ ಇದೆಯಂತೆ, ಹಿರಿಯರ ಗೋರಿಗಳ ಮೇಲೆ ಹೊಸ ಹುಲ್ಲು ಹಾಕುತ್ತಾರಂತೆ, ಗುಡ್ಡದ ತುಂಬ ಹೂ ಬಿಟ್ಟಿರುತ್ತದಂತೆ. "ನೀನು ನೋಡ್ಲೇಬೇಕು ಮಗಳೇ, ಅದೊಂದು ಮುಗಿಸಿಕೊಂಡು ಹೋಗುವಿಯಂತೆ." ಅವರ ಕಣ್ಣಲ್ಲಿ ಮೋಸವಿಲ್ಲ, ಅಕ್ಕ. ಅವರಿಗೆ ನಾನು ನಿಜವಾಗಿಯೂ ಬೇಕು.

ಇಷ್ಟೇ ಸುದ್ದಿ. ಪಿಯಾನೋ ಕ್ಷೇಮವಾಗಿದೆ, ನೀನು ಚಿಕ್ಕಂದಿನಲ್ಲಿ ಚಾಕುವಿನಿಂದ ನಿನ್ನ ಹೆಸರು ಕೆತ್ತಿದ ಮೂಲೆಯೂ ಹಾಗೇ ಇರುತ್ತದೆ. ಸೊಲ್ ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು, ಅವಳ ವರ್ಷವೆಲ್ಲ ಈ ಚಂದ್ರನ ಹಾಗೆ ತುಂಬಿರಲಿ. ಭಾವನಿಗೆ ನನ್ನ ನಮಸ್ಕಾರ. ನೀನು ದೊಡ್ಡವಳು, ನನ್ನ ತಲೆಯ ಮೇಲೆ ಕೈ ಇಟ್ಟೆ ಅಂದುಕೊಂಡು ಒಂದು ಒಳ್ಳೆಯ ಮಾತು ಹೇಳು.

ನಿನ್ನ ರಾಜಕುಮಾರಿ,
ಹೇರಿನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನಗೆ ನೋವಾದದ್ದು ಕಂಪನಿಗಲ್ಲ, ಮನೆ ಹೋದದ್ದಕ್ಕೂ ಅಲ್ಲ. ಕಿಮ್ಚಿ ಹಾಕುವಾಗ ನಾವಿಬ್ಬರೂ ಎಲೆಕೋಸಿಗೆ ಉಪ್ಪು ಸವರುತ್ತ ಕೂತಿದ್ದೆವು. ಸಿಯೋಲ್ ಮನೆಯ ಕಿಟಕಿಗೆ ಯಾವ ಬಣ್ಣದ ಪರದೆ ಹಾಕೋಣ ಅಂತ ಕೇಳಿದೆ. ಅಷ್ಟು ಹೊತ್ತಿಗೆ ಆ ಕಿಟಕಿ ಬೇರೆ ಯಾರದೋ ಆಗಿತ್ತು. ಅವನು ಕೈಯಲ್ಲಿದ್ದ ಎಲೆಕೋಸು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಳದಿ. ಬೆಳಗಿನ ಬಿಸಿಲಿಗೆ ಚೆನ್ನಾಗಿರುತ್ತೆ," ಅಂದ. ಯಾವುದೋ ಒಂದು ಅಂದುಬಿಟ್ಟಿದ್ದರೆ ಸಹಿಸುತ್ತಿದ್ದೆ, ಅಕ್ಕ. ಅವನು ಯೋಚನೆ ಮಾಡಿ ಹೇಳಿದ. ನಾನು ಹಳದಿ ಬಟ್ಟೆ ತಂದು ಅಂಚು ಹೊಲಿದೆ, ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡು ನಿಂತವನೂ ಅವನೇ. ಇನ್ನೊಂದು ಹಬ್ಬದವರೆಗೆ ಇದ್ದರೆ ನಾನೂ ಅವನ ಹಾಗೆ ನಗುತ್ತಲೇ ಸುಮ್ಮನಿರುವುದನ್ನು ಕಲಿತುಬಿಡುತ್ತೇನೆ. ಶನಿವಾರ, ಆರನೇ ತಾರೀಕು, ಆಂದೋಂಗ್‌ನಿಂದ ಬೆಳಗ್ಗೆ ಹೊರಡುವ ಮುಗುಂಗ್ವಾ ರೈಲು, ಮಧ್ಯಾಹ್ನ ಸಿಯೋಲ್‌ನ ಚಂಗ್ನ್ಯಾಂಗ್ನಿ ನಿಲ್ದಾಣಕ್ಕೆ ಬರುತ್ತದೆ. ಒಬ್ಬಳೇ ಇಳಿಯುತ್ತೇನೆ.