ಔಷಧದ ಪೆಟ್ಟಿಗೆಯ ಕೀಲಿಕೈ

ರೀ,

ಇವತ್ತು ಮಗಳ ಜೊತೆ ನಾನೂ ಶಾಲೆಗೆ ಹೊರಟೆ. ಕರುವಿಗೆ ನೀರಿಟ್ಟಿಲ್ಲ, ಇಡ್ರಿ.

ನಿನ್ನೆ ಅಕ್ಷತಾಗೆ ತರಗತಿಯಲ್ಲೇ ಮತ್ತೆ ಫಿಟ್ಸ್ ಬಂತು. ಫಿಟ್ಸ್ ನಿಲ್ಲಿಸಲು ಹಾನಗಲ್ಲ ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ಶಾಲೆಯ ಔಷಧದ ಪೆಟ್ಟಿಗೆಯಲ್ಲೇ ಇತ್ತು. ಕೀಲಿಕೈ ತಂದ ಮಾಸ್ತರು ಪೆಟ್ಟಿಗೆ ತೆರೆಯಲಿಲ್ಲ; "ಕಬ್ಬಿಣ ಹಿಡಿಸಿದ್ರ ನಿಲ್ತೈತಿ" ಅಂತ ಆ ಕೀಲಿಕೈಯನ್ನೇ ಮಗಳ ಮುಷ್ಟಿಯಲ್ಲಿ ಹಿಡಿಸಿದರು! ನರ್ಸಮ್ಮ ಬರುವುದು ವರ್ಷಕ್ಕೊಮ್ಮೆ, ಮಕ್ಕಳ ತೂಕ ನೋಡಲು. ಕಾಯಂ ಒಬ್ಬರನ್ನು ಕೊಡ್ರಿ ಅಂದರೆ ಹೆಡ್‌ಮಾಸ್ತರು, "ಗಣಿತಕ್ಕ ಮಾಸ್ತರಿಲ್ಲ, ನರ್ಸ್ ಎಲ್ಲಿಂದ ತರ್ಲಿ ತಂಗೀ?" ಅಂದರು.

ಶಾಲೆ ಬಿಡಿಸೋಣ ಅಂದಿರಲ್ಲ, ನಾನು ಬಿಡಿಸುವುದಿಲ್ಲ. ನರ್ಸ್ ಬರುವ ತನಕ ಸ್ಪ್ರೇ ಹಿಡಿದುಕೊಂಡು ದಿನಾ ಅವಳ ತರಗತಿಯ ಬಾಗಿಲಲ್ಲಿ ಕುಳಿತಿರುತ್ತೇನೆ. ನೀವು ರೊಟ್ಟಿ ಬಡಿಯೋದು ಕಲೀರಿ.

ಮಂಜುಳಾ