ಕತ್ತೆಕಿರುಬದ ಬೋನಿನ ಮುಂದೆ

ಜೂನ್ ೨೭, ಭಾನುವಾರ

ಮಾವ ಆಡಿದ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಕೊರೊನಾ ಸೋಂಕಿನಿಂದ ಎರಡು ತಿಂಗಳು ಮುಚ್ಚಿದ್ದ ಮೃಗಾಲಯ ಇವತ್ತು ತೆರೆಯಿತು. ಮಗಳು ವಾರದಿಂದ ಕುಣಿಯುತ್ತಿದ್ದಳು. ಕತ್ತೆಕಿರುಬದ ಬೋನಿನ ಹತ್ತಿರ ಮಾಸ್ಕಿನೊಳಗೂ ನಾತ ಹೊಡೆಯಿತು. ನಾವೆಲ್ಲ ಮೂಗು ಮುಚ್ಚಿಕೊಂಡೆವು. ಮಾವ ಮಾತ್ರ ಮಾಸ್ಕ್ ಕೆಳಗಿಳಿಸಿ, "ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾರಮ್ಮ! ಒಂಚೂರೂ ವಾಸನೆ ಇಲ್ಲ," ಅಂದರು.

"ತಾತ ತಮಾಷೆ ಮಾಡ್ತಾರೆ," ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ನಲವತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ದುಡಿದ ಮೂಗು ಅದು. ಈ ಕಾಯಿಲೆ ಬಂದರೆ ವಾಸನೆ ಹೋಗುತ್ತದೆಂದು ಯಾರಿಗೆ ಗೊತ್ತಿಲ್ಲ? ಗಂಡನಿಗೆ ಹೇಳೋಣವೆಂದರೆ ಎಲ್ಲರೂ ಖುಷಿಯಾಗಿದ್ದರು, ಮೊದಲು ಮನೆಗೆ ಹೋಗಿ ಪರೀಕ್ಷಿಸಿ ನೋಡೋಣವೆಂದುಕೊಂಡೆ. ಬರುವಾಗ ಕಾರಿನಲ್ಲಿ ಮಗಳು ತಾತನ ತೊಡೆಯ ಮೇಲೆ ನಿದ್ದೆ ಹೋದಳು.

ಮನೆಗೆ ಬಂದು ಬೇಕೆಂದೇ ಹಾಲು ಸೀಯಲು ಬಿಟ್ಟೆ. "ಏನು ಸೀದಿದ್ದು?" ಎಂದು ಮಹಡಿಯಿಂದ ಗಂಡ ಓಡಿಬಂದರು. ಒಲೆಗೆ ನಾಲ್ಕೇ ಹೆಜ್ಜೆ ದೂರ ಕೂತಿದ್ದ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಪಾತ್ರೆಯನ್ನು ಅವರ ಮುಂದೆ ಹಿಡಿದೆ. ಕರಿ ತಳ ನೋಡಿದರು, ನನ್ನ ಮುಖ ನೋಡಿದರು.

"ನಿನ್ನೆಯಿಂದಲೇ ಹೀಗಿದೆ ಕಣಮ್ಮ. ಹೇಳಿದ್ರೆ ಮಗೂಗೆ ಝೂ ತಪ್ಪಿಹೋಗುತ್ತೆ ಅಂತ..." ಎಂದವರು ಎದ್ದು ಕೋಣೆಗೆ ಹೋಗಿ ತಾವೇ ಬಾಗಿಲು ಹಾಕಿಕೊಂಡರು.

ಸಿಟ್ಟು ಬರಬೇಕಿತ್ತು. ಹೆದರಿಕೆ ಬಿಟ್ಟು ಬೇರೇನೂ ಬರುತ್ತಿಲ್ಲ. ಮಗಳು ಮಲಗಿದ ಮೇಲೆ ಅವಳ ಹಣೆ ಮುಟ್ಟಿದಾಗ ತಣ್ಣಗಿತ್ತು. ಈಗಷ್ಟೇ ಮತ್ತೊಮ್ಮೆ ಮುಟ್ಟಿ ಬಂದೆ. ಬೆಚ್ಚಗಿತ್ತೋ, ಇಲ್ಲ ನನ್ನ ಕೈಯೇ ತಣ್ಣಗಾಗಿದೆಯೋ, ಗೊತ್ತಾಗಲಿಲ್ಲ.