ಮಂಚದ ಕೆಳಗಿನ ಬಿಷಪ್

ನೈಮೆಗನ್
೧೨ ನವೆಂಬರ್ ೧೯೯೮

ಪ್ರೀತಿಯ ಇವರಿಗೆ,

ರೋಮಿನಲ್ಲಿ ಹೇಗಿದ್ದೀರಿ? ಕೆಮ್ಮು ಹೋಯಿತೇ? ಅತ್ತೆಯವರು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮುಗಿದಿರಬೇಕು. ಅವರು ಆರಾಮಾಗಿದ್ದಾರೆ, ಚಳಿಗೆ ನಿಮ್ಮ ಎರಡು ಸ್ವೆಟರು ಒಂದರ ಮೇಲೊಂದು ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಾರೆ. ನಾನೂ ಆರಾಮ, ಬಗ್ಗಿ ಬೂಟಿನ ಲೇಸು ಕಟ್ಟಲು ಆಗುವುದಿಲ್ಲ ಅಷ್ಟೇ. ಮತ್ತೆ, ನಿಮ್ಮ ಬಿಷಪ್ಪರು ಹೇಗಿದ್ದಾರೆ? ನಿಮ್ಮ ಪತ್ರದಲ್ಲಿ ಅವರ ಮೂತ್ರಕೋಶದ ಕಲ್ಲಿನ ವಿಚಾರವೇ ಒಂದೂವರೆ ಪುಟವಿತ್ತು, ನನ್ನ ಹೊಟ್ಟೆಯ ವಿಚಾರ ಒಂದು ಸಾಲು. ಅವರು ಸತ್ತು ಮುನ್ನೂರು ವರ್ಷದ ಮೇಲಾಯಿತು. ಆ ಕಲ್ಲು ಇನ್ನು ಯಾರಿಗೂ ನೋಯುವುದಿಲ್ಲ.

ನಿಮ್ಮ ಪಿಎಚ್.ಡಿ. ದೆಸೆಯಿಂದ ಅವರ ಕಥೆ ನನಗೂ ಬಾಯಿಪಾಠ. ಹಾರ್ಲೆಮ್‌ನ ಬಿಯರ್ ತಯಾರಿಸುವವನ ಮಗ ಲ್ಯಾಂಬರ್ಟ್, ಓದಿ ಪಾದ್ರಿಯಾದರು. ಆಗ ಈ ಡಚ್ ನಾಡಿನಲ್ಲಿ ಪ್ರೊಟೆಸ್ಟಂಟರ ಆಳ್ವಿಕೆ, ಕ್ಯಾಥೋಲಿಕರ ಪೂಜೆಗೆ ನಿಷೇಧ. ಇವರು ಬಟ್ಟೆ ವ್ಯಾಪಾರಿಯ ವೇಷದಲ್ಲಿ ಮನೆಯಿಂದ ಮನೆಗೆ ಹೋಗಿ ಅಟ್ಟದ ಮೇಲೆ ಕದ್ದು ಪೂಜೆ ಮಾಡಿಸಿದರು. ಅಲ್ಲಿಯವರೆಗೆ ನನಗೆ ಅವರ ಮೇಲೆ ಗೌರವವೇ. ಆಮೇಲೆ ರೋಮಿನವರು ಬಿಷಪ್ ಪದವಿ ಕೊಟ್ಟರು. ಇಲ್ಲಿನ ಊರಿನ ಹೆಸರಲ್ಲಿ ಕೊಟ್ಟರೆ ಸರಕಾರಕ್ಕೆ ಸಿಟ್ಟು ಎಂದು, ತುರ್ಕರ ಕೈಯಲ್ಲಿದ್ದ ಯಾವುದೋ ಊರಿನ ಬಿಷಪ್ ಅಂತ ಮಾಡಿದರು. ಸಾಯುವವರೆಗೂ ಆ ಊರನ್ನು ಅವರು ಕಣ್ಣಲ್ಲಿ ಕಾಣಲಿಲ್ಲ. ಜೆಸ್ಯೂಟ್ ಪಾದ್ರಿಗಳ ಜೊತೆ ಜಗಳ, ದೂರಿನ ಮೇಲೆ ದೂರು. ಕಡೆಗೆ ಸಮಜಾಯಿಷಿ ಕೊಡಲು ಎರಡು ತಿಂಗಳೆಂದು ರೋಮಿಗೆ ಹೋದವರು ಅಲ್ಲೇ ಕೂತರು, ಅಲ್ಲೇ ಸತ್ತರು. ನೀವೂ ಅವರ ಕಾಗದಪತ್ರ ನೋಡಿ ಬರಲು ಹತ್ತು ದಿನವೆಂದು ಹೋದವರು. ಐದು ವಾರವಾಯಿತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನಮ್ಮವ್ವ ಗದಗಿನಿಂದ ಫೋನಿನಲ್ಲಿ ಅತ್ತಾಗ, ‘ಯಾಕ ಹೋಗ್ತಿ, ನಾ ಇರ್ತೀನಲ್ಲ’ ಎಂದವರು ನೀವು. ಆ ಮಾತು ನಂಬಿ ಉಳಿದೆ. ಈಗ ನನ್ನನ್ನು ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಅತ್ತೆಯವರು ಧಾರವಾಡದಿಂದ ಬಂದು ಇಳಿದ ಕೂಡಲೇ, ‘ಹೆಂಗೂ ಅವ್ವ ಬಂದಾಳಲ್ಲ’ ಎಂದು ನೀವು ಪೆಟ್ಟಿಗೆ ಕಟ್ಟಿದಿರಿ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನೋಣವೆಂದರೆ, ನೀವು ಉಪಕಾರ ಮಾಡುತ್ತಿರುವುದು ಊರಿಗೂ ಅಲ್ಲ, ಸತ್ತವರಿಗೆ.

ಇಲ್ಲಿಯವರ ಪದ್ಧತಿ ನಿಮಗೆ ಗೊತ್ತೇ ಇದೆ. ಬಸಿರು ಕಾಯಿಲೆಯಲ್ಲ, ತೊಂದರೆಯಿಲ್ಲದಿದ್ದರೆ ಮನೆಯಲ್ಲೇ ಹೆರಬಹುದು ಎನ್ನುತ್ತಾರೆ. ಆದರೆ ಮಂಚ ಸೂಲಗಿತ್ತಿಯ ಸೊಂಟದ ಮಟ್ಟಕ್ಕೆ ಬರಬೇಕು, ಕಾಲಿನ ಕೆಳಗೆ ಮರದ ದಿಮ್ಮಿ ಕೊಡಬೇಕು. ಆ ದಿಮ್ಮಿ ಬಾಡಿಗೆಗೆ ತನ್ನಿ ಎಂದು ನಿಮ್ಮನ್ನು ಕಳಿಸಿದ್ದೆ. ನೀವು ತಂದದ್ದು ಬಿಷಪ್ಪರ ಉಯಿಲಿನ ಝೆರಾಕ್ಸ್. ಮಂಗಳವಾರ ಸೂಲಗಿತ್ತಿ ಮಂಚ ನೋಡಲು ಬರುವವಳಿದ್ದಳು. ಅತ್ತೆಯವರಿಗೆ ಡಚ್ ಬಾರದು, ನನಗೆ ಮೆಟ್ಟಿಲಿಳಿಯಲು ಆಗದು. ಕಡೆಗೆ ಪಕ್ಕದ ಮನೆಯ ಟ್ರೂಸ್‌ಳನ್ನು ಕರೆದೆ. ಅವಳು ಮಂಚ ಎತ್ತಿ ಹಿಡಿದಳು, ನಾನು ನಿಮ್ಮ ಕಪಾಟು ತೋರಿಸಿದೆ, ಅತ್ತೆಯವರು ಒಂದೊಂದೇ ಸಂಪುಟ ತಂದು ಕಾಲಿನ ಕೆಳಗೆ ಒಟ್ಟಿದರು. ಬಿಷಪ್ಪರ ಪತ್ರಗಳು, ಎಲ್ಲವೂ ಇಟ್ಟಿಗೆಯಷ್ಟು ದಪ್ಪ, ರಟ್ಟೂ ಗಟ್ಟಿ. ಸೂಲಗಿತ್ತಿ ಬಂದು ಮಂಚ ಅಲುಗಿಸಿ ನೋಡಿ ‘ಪ್ರೀಮಾ’, ಬಹಳ ಚಲೋ ಆಗಿದೆ, ಅಂದಳು.

ಆಮೇಲೆ ಶುರುವಾಯಿತು ಅತ್ತೆಯವರ ಸಂಕಟ. ‘ಹೊತ್ತಿಗಿ ಮ್ಯಾಲ ಹೆರಿಗಿ ಆದ್ರ ಸರಸ್ವತಿ ಸುಮ್ಮನಿರ್ತಾಳೇನವಾ’ ಎಂದು ಊಟ ಬಿಟ್ಟು ಕೂತರು. ಮರುದಿನ ಬೆಳಿಗ್ಗೆ ಮಿಂದು ಬಂದು ಮಂಚದ ನಾಲ್ಕೂ ಕಾಲಿನ ಬಳಿ ಮೊಣಕಾಲೂರಿ, ಸಂಪುಟಗಳಿಗೆಲ್ಲ ವಿಭೂತಿ ಹಚ್ಚಿ ಕೈಮುಗಿದರು. ಅವು ಲೈಬ್ರರಿಯವು ಎಂದು ನಾನು ಹೇಳಲಿಲ್ಲ. ನಿಮ್ಮ ಸುದ್ದಿ ಎತ್ತಿದರೆ ಅವರು ಹೇಳುವುದು ಒಂದೇ: ‘ಆ ಪಾದ್ರಿಗಿ ಹೇಂತಿ ಇಲ್ಲ, ಮಕ್ಕಳಿಲ್ಲ, ಎಲ್ಲಿ ಕುಂತರೂ ನಡೀತದ. ಇಂವಗೇನಾಗೇದ?’

ಒಂದು ಮಾತು ಕೇಳಿ. ಹಾರ್ಲೆಮ್‌ನಲ್ಲಿ ಅಟ್ಟದ ಗುಡಿ ನೋಡಿಕೊಳ್ಳುತ್ತಿದ್ದ ಹೆಂಗಸರು ‘ಒಮ್ಮೆ ಬಂದು ಹೋಗಿ’ ಎಂದು ಬಿಷಪ್ಪರಿಗೆ ವರ್ಷ ವರ್ಷವೂ ಬರೆಯುತ್ತಿದ್ದರು, ಅವರು ಒಂದಕ್ಕೂ ಉತ್ತರ ತಪ್ಪಿಸಲಿಲ್ಲ, ಎಷ್ಟು ಕಕ್ಕುಲಾತಿಯ ಉತ್ತರಗಳು ಎಂದು ಹೊಗಳಿ ಬರೆದಿದ್ದೀರಿ. ಓದಿ ನನಗೆ ಮೈಯೆಲ್ಲ ಉರಿಯಿತು. ಆ ಹೆಂಗಸರು ಉತ್ತರ ಕೇಳಿರಲಿಲ್ಲ. ನನಗೆ ಸಿಟ್ಟಿದೆ, ಹೆದರಿಕೆಯೂ ಇದೆ. ಅದನ್ನು ಅತ್ತೆಯವರ ಮುಂದೆ ಹೇಳಿದರೆ ಅವರೂ ಹೆದರುತ್ತಾರೆ ಎಂದು ನಿಮಗೇ ಬರೆಯುತ್ತಿದ್ದೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಬೈಗುಳವನ್ನು ಮುಖತಃ ಕೊಡುತ್ತಾರಂತೆ. ಟ್ರೂಸ್ ನೆನಪು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ.

ನಿಮ್ಮ
ವೈಶಾಲಿ

ತಾ.ಕ.: ಮೂರನೆಯ ಸಂಪುಟ ತುರ್ತಾಗಿ ಬೇಕು, ಅಂಚೆಗೆ ಹಾಕು ಎಂದಿದ್ದೀರಿ. ಅದು ತಲೆದೆಸೆಯ ಎಡಗಾಲಿನ ಕೆಳಗಿದೆ, ಮೇಲೆ ನಾನಿದ್ದೇನೆ. ಇನ್ನು ವಾರವೋ ಹತ್ತು ದಿನವೋ ಎಂದು ಸೂಲಗಿತ್ತಿ ಹೇಳಿದ್ದಾಳೆ. ಪುಸ್ತಕ ಬೇಕಿದ್ದರೆ ಬಂದು ಮಂಚ ಎತ್ತಿ ತೆಗೆದುಕೊಳ್ಳಿ. ಉತ್ತರ ಮಾತ್ರ ಬರೆಯಬೇಡಿ.